ಮಗಳಿಗೊಂದು ಪತ್ರ: ನೀನು ನೋಡಿದ ಅರಮನೆಯ ಮೂಲ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಲಿಂಕನ್ ಪಾರ್ಕ್‌ನಲ್ಲಿ, ಕಂಬಗಳ ಸಾಲಿನ ಮುಂದೆ, ಕೂದಲನ್ನೆಲ್ಲ ಗಾಳಿಗೆ ಕೊಟ್ಟು ನಿಂತಿದ್ದೀಯ. ಹಿಂದೆ ಶಿಲ್ಪಿ ರೊಡಾನ್ ಮಾಡಿದ ‘ಚಿಂತಕ’ ಗದ್ದಕ್ಕೆ ಕೈಯಿಟ್ಟು ಕೂತಿದ್ದಾನೆ. ‘ಅಪ್ಪಾ, ಅಮೆರಿಕದಲ್ಲಿ ಇದು ಯಾವ ರಾಜನ ಅರಮನೆ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಮ್ಮ ಮಧ್ಯೆ ಬಾಯಿ ಹಾಕಿ ಸಾರಿನಪುಡಿ ಮುಗಿಯಿತಾ ಅಂತ ವಿಚಾರಿಸುತ್ತಾಳೆ. ಅದಕ್ಕೇ ಪತ್ರ.

ಅದು ಯಾವ ರಾಜನದೂ ಅಲ್ಲ. 1915ರಲ್ಲಿ ನಿಮ್ಮ ಊರಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಅಲ್ಲಿ ಫ್ರಾನ್ಸಿನವರು ಎಬ್ಬಿಸಿದ್ದ ಕಟ್ಟಡ ಆಲ್ಮಾ ಸ್ಪ್ರೆಕೆಲ್ಸ್ ಅನ್ನುವ ಶ್ರೀಮಂತ ಹೆಂಗಸಿಗೆ ಬಹಳ ಹಿಡಿಸಿತು. ಊರಿಗೆ ಅಂಥದ್ದೇ ಒಂದು ಮ್ಯೂಸಿಯಂ ಇರಲಿ ಅಂತ ಹಟ ಹಿಡಿದು ಕಟ್ಟಿಸಿದರು. 1924ರಲ್ಲಿ ಬಾಗಿಲು ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಕ್ಯಾಲಿಫೋರ್ನಿಯಾದ 3,600 ಸೈನಿಕರ ನೆನಪಿಗೆ ಅಂತ. ಆದರೆ ಪ್ರದರ್ಶನದ ಆ ಕಟ್ಟಡವೇ ಒಂದು ನಕಲು. ಮೂಲ ಇರುವುದು ಪ್ಯಾರಿಸ್‌ನಲ್ಲಿ. ನೀನು ನೋಡಿದ್ದು ಅದರ ಮುಕ್ಕಾಲು ಅಳತೆಯದು. ಮೂಲದ ಮುಂದೆ ನಿನ್ನಪ್ಪ ನಿಂತು ಬಂದಿದ್ದಾನೆ!

ನಾವು ಟೂರ್ ಹೋಗಿದ್ವಲ್ಲ, ಆಗ. ಎಲ್ಲರೂ ಒರ್ಸೇ ಮ್ಯೂಸಿಯಂ ಒಳಗೆ ಹೋದರು. ನಾನು ಮಂಡಿನೋವಿನ ನೆಪ ಹೇಳಿ ಹೊರಗೇ ಉಳಿದೆ. ಅದರ ಪಕ್ಕದಲ್ಲೇ ಇದೆ ಆ ಮೂಲ ಕಟ್ಟಡ, ಒತೆಲ್ ದ ಸಾಲ್ಮ್. ಗೈಡ್ ‘ಹೋಟೆಲ್’ ಅಂದಿದ್ದೇ ತಡ, ನಮ್ಮ ಗುಂಪಿನ ಹಿರಿಯರೊಬ್ಬರು ಕಾಫಿ ಸಿಗುತ್ತಾ ಅಂದರು. ಅವರ ತಪ್ಪೇನಿಲ್ಲ ಬಿಡು. ಫ್ರೆಂಚರು ಸಿರಿವಂತರ ಸ್ವಂತ ಪೇಟೆಮನೆಗೂ ಅದೇ ಮಾತು ಬಳಸುತ್ತಾರೆ.

ಆ ಮನೆಗಳ ಪ್ಲಾನ್ ನೋಡಬೇಕು ನೀನು. ಬೀದಿಗೆ ಬರೀ ಗೇಟು. ಒಳಗೆ ಸಾರೋಟು ಬಂದು ತಿರುಗುವಷ್ಟು ಅಂಗಳ. ಅದರಾಚೆ ಮನೆ, ಮನೆಯ ಬೆನ್ನಿಗೆ ತೋಟ. ಸಾಲ್ಮ್‌ನಲ್ಲಿ ಗೇಟೇ ರೋಮನ್ನರ ವಿಜಯದ ಕಮಾನಿನ ಹಾಗಿದೆ. ಅಂಗಳದ ಸುತ್ತ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಬೋದಿಗೆಯ (ಅಂದರೆ ಕಂಬದ ತಲೆಭಾಗದ) ಕಂಬಗಳು. ಎದುರಿಗೆ ಇನ್ನೂ ಎತ್ತರದ ಕಂಬಗಳ ಪೋರ್ಟಿಕೋ, ಅವುಗಳ ಬೋದಿಗೆಯಲ್ಲಿ ಎಲೆಗಳ ಕೆತ್ತನೆ. ಆ ಕಾಲಕ್ಕೆ ಇದೇ ಹೊಸ ಶೋಕಿ. ಅದಕ್ಕೆ ಮೊದಲು ಬಳ್ಳಿ, ಚಿಪ್ಪು, ಬಾಗುಬಳುಕು ಜಾಸ್ತಿ ಇತ್ತು. ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ರೋಮನ್ ಊರುಗಳನ್ನು, 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೇ, ಅಗೆಯತೊಡಗಿದ ಮೇಲೆ ಹಳೆಯ ರೋಮ್‌ನ ಹುಚ್ಚು ಹತ್ತಿತು. ನೇರ ಗೆರೆ, ಕಂಬ, ಗುಮ್ಮಟ.

ನನ್ನ ಕಣ್ಣು ಮಾತ್ರ ನದಿಯ ಕಡೆಯ ಗೋಡೆಯಲ್ಲೇ ಸಿಕ್ಕಿಕೊಂಡಿತು. ಮನೆಯ ನಡುಭಾಗ ಅರ್ಧವೃತ್ತವಾಗಿ ಸೇನ್ ನದಿಯತ್ತ ಉಬ್ಬಿ ಬಂದಿದೆ. ಅದರ ಮೇಲೊಂದು ತಗ್ಗು ಗುಮ್ಮಟ, ಅಂಚಿನಲ್ಲಿ ಪ್ರತಿಮೆಗಳು. ದುಂಡು ಗೋಡೆ ಎಬ್ಬಿಸುವುದು ಸುಮ್ನೆ ಅಲ್ಲ ಕಣೇ. ಇಟ್ಟಿಗೆಯಾದರೆ ತಪ್ಪನ್ನು ಗಾರೆಯಲ್ಲಿ ಮುಚ್ಚಿಬಿಡಬಹುದು, ನಾನೇ ಎಷ್ಟೋ ಸಲ ಮುಚ್ಚಿದ್ದೇನೆ. ಕಲ್ಲಿನಲ್ಲಿ ಒಂದೊಂದು ಕಲ್ಲಿನ ಮುಖವನ್ನೂ ಬಾಗಿಸಿ ಕೆತ್ತಬೇಕು. ದುಂಡು ಮುಗಿದು ನೇರ ಗೋಡೆ ಶುರುವಾಗುವ ಮೂಲೆಯನ್ನೇ ಹತ್ತು ನಿಮಿಷ ನೋಡಿದೆ. ಪಿಯರ್ ರೂಸೋ ಅಂತ ಅದರ ವಾಸ್ತುಶಿಲ್ಪಿ. ನಮಸ್ಕಾರ ಹಾಕಬೇಕು ಅವನಿಗೆ.

ಕಟ್ಟಿಸಿದವನು ಜರ್ಮನಿಯ ಪುಟ್ಟ ಸಂಸ್ಥಾನದ ದೊರೆ, ಸಾಲ್ಮ್-ಕೀರ್ಬುರ್ಗಿನ ಫ್ರೆಡ್ರಿಕ್. 1782ರಲ್ಲಿ ಕೆಲಸ ಶುರು, 1787ಕ್ಕೆ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಆಸಾಮಿ ಅಲ್ಲ. ಸಾಲದಲ್ಲಿ ಮುಳುಗಿದ. ಅರ್ಧ ಕಟ್ಟಿದ ಮೇಲೆ ‘ಇನ್ನೊಂದು ಮಹಡಿ ಇರಲಿ’ ಅಂದು, ಬಿಲ್ ಕೊಟ್ಟಾಗ ಫೋನ್ ಎತ್ತದ ಮಾಲೀಕರನ್ನು ನಾನೂ ಕಂಡಿದ್ದೇನೆ. ಆದರೆ ಇವನ ಗತಿ ಯಾರಿಗೂ ಬೇಡ. ಫ್ರೆಂಚ್ ಕ್ರಾಂತಿಯಲ್ಲಿ, 1794ರ ಜುಲೈ 23ರಂದು, ಗಿಲೊಟಿನ್‌ಗೆ ತಲೆ ಕೊಟ್ಟ. ಐದು ದಿನ ಬಿಟ್ಟು, ಹೀಗೆ ತಲೆ ಕಡಿಸುತ್ತಿದ್ದ ಕ್ರಾಂತಿಯ ಮುಖಂಡ ರೋಬ್ಸ್‌ಪಿಯರ್‌ನ ತಲೆಯೇ ಉರುಳಿತು. ಆ ಐದು ದಿನ ಹೇಗಾದರೂ ತಳ್ಳಿದ್ದರೆ ಪ್ರಾಣ ಉಳಿಯುತ್ತಿತ್ತೇನೋ.

ಮುಂದೆ, ನೆಪೋಲಿಯನ್ ಸ್ಥಾಪಿಸಿದ್ದ ‘ಲೀಜನ್ ಆಫ್ ಆನರ್’ ಅನ್ನುವ ಗೌರವ ಪದವಿಯ ಕಚೇರಿ 1804ರಲ್ಲಿ ಇಲ್ಲಿಗೆ ಬಂತು. ಈಗಲೂ ಅಲ್ಲೇ ಇದೆ. ನಿಮ್ಮ ಮ್ಯೂಸಿಯಮ್ಮಿಗೂ ಅದರದೇ ಹೆಸರು, ನೋಡು. 1871ರ ಮೇ ತಿಂಗಳಲ್ಲಿ ಪ್ಯಾರಿಸ್ ಕಮ್ಯೂನ್ ಗಲಭೆಯಲ್ಲಿ, ಅಂದರೆ ಊರಿನವರು ಸರ್ಕಾರದ ವಿರುದ್ಧ ದಂಗೆ ಎದ್ದಾಗ, ಮನೆಗೆ ಬೆಂಕಿ ಬಿತ್ತು. ಪಕ್ಕದ ಒರ್ಸೇ ಅರಮನೆಯೂ ಸುಟ್ಟಿತು. ಅದನ್ನು ಯಾರೂ ಕಟ್ಟಲಿಲ್ಲ, ಸುಮಾರು ಮೂವತ್ತು ವರ್ಷ ಪಾಳುಬಿದ್ದು ಕೊನೆಗೆ ರೈಲು ನಿಲ್ದಾಣವಾಯಿತು. ಅದೇ ಈಗ ನಿಮ್ಮಮ್ಮ ಚಿತ್ರ ನೋಡಿದ ಮ್ಯೂಸಿಯಂ. ಸಾಲ್ಮ್‌ಗೆ ಮಾತ್ರ ಪದವಿ ಪಡೆದವರು, ಪದಕ ಪಡೆದ ಸೈನಿಕರು ಚಂದಾ ಎತ್ತಿದರು. ಹೊರಗಿನ ರೂಪ ಮೊದಲಿನ ಹಾಗೇ ಎದ್ದು ನಿಂತಿತು. ಅಂದರೆ ನಾನು ಕಂಡ ಮೂಲವೂ ಅರ್ಧ ನಕಲೇ, ಅಲ್ವಾ?

ಆದರೆ ಈ ಮನೆಗೆ ನನಗಿಂತ ದೊಡ್ಡ ಹುಚ್ಚನೊಬ್ಬ ಇದ್ದ. ಥಾಮಸ್ ಜೆಫರ್ಸನ್. ಆಗಿನ್ನೂ ಅಧ್ಯಕ್ಷನಲ್ಲ, ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿ. ಮನೆ ಏಳುತ್ತಿದ್ದಾಗ ಹೆಚ್ಚುಕಡಿಮೆ ದಿನಾ ನದಿಯಾಚೆಯ ಟ್ಯೂಲರಿ ತೋಟಕ್ಕೆ ಬಂದು ನೋಡುತ್ತಿದ್ದನಂತೆ. ಕುರ್ಚಿ ಬಾಡಿಗೆಗೆ ಕೊಡುವ ಹೆಂಗಸು ತನಗೆ ಬೇಕಾದ ಕಡೆ ಕುರ್ಚಿ ಹಾಕುತ್ತಿರಲಿಲ್ಲ, ಪ್ಯಾರಾಪೆಟ್ ಮೇಲೆ ಕೂತು ಕತ್ತು ತಿರುಗಿಸಿ ನೋಡಿ ನೋಡಿ ಕತ್ತು ಉಳುಕುತ್ತಿತ್ತು ಅಂತ 1787ರ ಮಾರ್ಚ್‌ನಲ್ಲಿ ಗೆಳತಿ ಮದಾಮ್ ದ ತೆಸ್ಸೆಗೆ ಬರೆದಿದ್ದಾನೆ. ಈಗ ಅದೇ ತೋಟದಲ್ಲಿ ಹಸಿರು ಕಬ್ಬಿಣದ ಕುರ್ಚಿಗಳಿವೆ, ಬಾಡಿಗೆಯಿಲ್ಲ. ನಾನೂ ಕಾಲುಸೇತುವೆ ದಾಟಿ ಹೋಗಿ ಒಂದರಲ್ಲಿ ಕೂತೆ. ಬಸ್ ಹೊರಡುವ ಹೊತ್ತಾಯಿತು ಅಂತ ನಿಮ್ಮಮ್ಮ ಹುಡುಕಿಕೊಂಡು ಬಂದು ಬೈದಳು.

ಊರಿಗೆ ಮರಳಿದ ಜೆಫರ್ಸನ್ ತನ್ನ ಮಾಂಟಿಸೆಲ್ಲೊ ಮನೆಯನ್ನು ಕೆಡವಿ ಬದಲಾಯಿಸಿ, ಮೇಲೊಂದು ಗುಮ್ಮಟ ಕೂರಿಸಿದ. ಒಳಗೆ ಮಹಡಿ ಇದ್ದರೂ ಹೊರಗಿನಿಂದ ಒಂದೇ ಅಂತಸ್ತಿನ ಹಾಗೆ ಕಾಣುತ್ತೆ. ಅದು ಸಾಲ್ಮ್‌ನಿಂದ ಕಲಿತದ್ದು ಅನ್ನುತ್ತಾರೆ. ಪರ್ಸ್ ತೆಗೆದು ಐದು ಸೆಂಟಿನ ನಾಣ್ಯ ಹುಡುಕು. ಹಿಂಬದಿಯಲ್ಲಿ ಗುಮ್ಮಟದ ಮನೆಯೊಂದಿದ್ದರೆ ಅದೇ ಅದು. ಸಿಕ್ಕಿದರೆ ಒಂದು ಫೋಟೋ ಕಳಿಸು.

ಸಾರಿನಪುಡಿ ಮುಂದಿನ ವಾರ ಕೊರಿಯರ್ ಮಾಡುತ್ತಾಳಂತೆ.

ನಿನ್ನ
ಅಪ್ಪ