ಅಜ್ಜಿಯ ಮುಯ್ಯಿ ತೀರಿಸಿದವರಿಗೆ

ಹನ್ನೊಂದನೇ ದಿನದ ತಿಥಿ ಮುಗಿದು, ನೆಂಟರೆಲ್ಲ ಅವರವರ ಊರು ಸೇರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪುಷ್ಯ ಮಳೆ ಇನ್ನೂ ಬಿಟ್ಟಿಲ್ಲ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೇವೆ. ಎದುರು ಸಿಕ್ಕಾಗ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಅಜ್ಜಿ ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ. 'ಗಾಂಧಿ ಹೋದ ವರ್ಷ ನನ್ನ ಮದುವೆ ಆಯ್ತು, ಆಗ ಹದಿನಾರಿರಬೇಕು' ಅನ್ನುತ್ತಿದ್ದಳು. 1948ರಿಂದ ಲೆಕ್ಕ ಹಾಕಿದರೆ ತೊಂಬತ್ತು ದಾಟಿದ್ದಂತೂ ನಿಜ. ಸಕಲೇಶಪುರದ ಕಡೆಯ ಈ ಮನೆಗೆ ಗಾಡಿಯಲ್ಲಿ ಬಂದಿಳಿದವಳು ಏಳು ಮಕ್ಕಳನ್ನು ಹೆತ್ತು, ಅವರಲ್ಲಿ ಇಬ್ಬರನ್ನು ಮಣ್ಣಿಗೆ ಕೊಟ್ಟು, ನಮ್ಮನ್ನೆಲ್ಲ ಸಾಕಿದಳು.

ಅವಳ ತವರು ಗೊರೂರಿನ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. 1979ರಲ್ಲಿ ಕಟ್ಟೆ ಮುಗಿದು ಹೇಮಾವತಿ ನಿಂತಾಗ ಅಪ್ಪನ ಮನೆ, ಹುಣಸೆಮರ, ಕಣ ಎಲ್ಲ ಒಳಗೆ ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರಲ್ಲ, ಅಜ್ಜಿಗೆ ಆ ಚರ್ಚು ದಿಕ್ಕು ಹಿಡಿಯುವ ಗುರುತು. ಅದರ ಕಡೆ ಮುಖ ಮಾಡಿ ನಿಂತು, 'ಅಗೋ ಅಲ್ಲಿ' ಎಂದು ನೀರಿನತ್ತ ಕೈ ಚಾಚುತ್ತಿದ್ದಳು. ನಮಗೆ ಕಾಣುತ್ತಿದ್ದದ್ದು ಬರೀ ಕೆಸರು. ಮಳೆಗಾಲ ಬಂದರೆ ದಿನಾ ಪೇಪರು ಓದಿ ಹೇಳಬೇಕಿತ್ತು, ಕಟ್ಟೆಯಲ್ಲಿ ನೀರು ಎಷ್ಟು ಅಡಿಗೆ ಬಂತು ಅಂತ. ತುಂಬುವುದು 2,922 ಅಡಿಗೆ ಅನ್ನುವುದು ಓದು ಬಾರದ ಅಜ್ಜಿಗೆ ಬಾಯಿಪಾಠ. ನಮ್ಮೂರ ಮಗ್ಗುಲಲ್ಲಿ ಹರಿಯುವ ಹೊಳೆಯೇ ಕೆಳಗೆ ಹೋಗಿ ಅಲ್ಲಿ ನಿಲ್ಲುವುದು. 'ಇವತ್ತು ಇಲ್ಲಿ ಹುಯ್ದಿದ್ದು ನಾಳೆ ನಮ್ಮಪ್ಪನ ಮನೆ ಮೇಲೆ' ಅಂದು ಸುಮ್ಮನಾಗುತ್ತಿದ್ದಳು.

ಕೊನೆಯ ಮೂರು ತಿಂಗಳು ಹಾಸನಕ್ಕೂ ಮನೆಗೂ ಓಡಾಟ. ರಾತ್ರಿ ಎರಡು ಗಂಟೆಗೆ, ದಾರಿಯಲ್ಲಿ ಆನೆ ಇದೆ ಅಂತ ಮೆಸೇಜ್ ಬಂದಿದ್ದರೂ ಜೀಪ್ ತೆಗೆದ ಕೆಳಗಿನ ಮನೆ ಅಣ್ಣನಿಗೆ ಏನು ಹೇಳಲಿ? ವಾರಕ್ಕೆರಡು ಸಲ ಗೊರಬಿನಷ್ಟು ದೊಡ್ಡ ಕೊಡೆ ಹಿಡಿದು ಬಂದು ಅಜ್ಜಿಯ ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿದ ಆಶಾ ಅಕ್ಕನಿಗೆ, ಅಜ್ಜಿ ಬಾಯಿ ಬಿಗಿಹಿಡಿದಾಗ 'ಅವ್ವಾ, ನನಗೋಸ್ಕರ ಒಂದು ಗುಟುಕು' ಎಂದು ಗಂಜಿ ಕುಡಿಸಿದ ನರ್ಸಮ್ಮನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಕಟ್ಟಿಗೆ ಒದ್ದೆಯಾಗದಂತೆ ಟಾರ್ಪಾಲು ಹಿಡಿದು ಎರಡು ಗಂಟೆ ನಿಂತ ಹುಡುಗರಿಗೂ.

ಆದರೆ ನಾನು ಮುಖ್ಯವಾಗಿ ಹೇಳಬೇಕಿರುವುದು ಐದನೇ ದಿನದ ಮಾತು.

ಅಜ್ಜಿ ಹೋದದ್ದು ಪುನರ್ವಸು ಮಳೆಯಲ್ಲಿ, ನಾಟಿಯ ಹೊತ್ತಿಗೆ. ಸೂತಕದಲ್ಲಿ ನಾವು ಗದ್ದೆಗೆ ಇಳಿಯುವ ಹಾಗಿರಲಿಲ್ಲ. ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಬಲಿತ ಸಸಿ ನೆಟ್ಟರೆ ಬುಡದಿಂದ ತೆಂಡೆ, ಅಂದರೆ ಮರಿ, ಸರಿಯಾಗಿ ಒಡೆಯುವುದಿಲ್ಲ. ಈ ವರ್ಷ ಗದ್ದೆ ಬೀಳು ಬಿಡೋಣ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಐದನೇ ದಿನ ಬೆಳಿಗ್ಗೆ ಕೆಳಗಿನಿಂದ ಮಾತು ಕೇಳಿಸಿತು. ಹೋಗಿ ನೋಡಿದರೆ ಹದಿನೆಂಟು ಹೆಂಗಸರು ಸೊಂಟ ಬಗ್ಗಿಸಿ ಸಸಿ ಕೀಳುತ್ತಿದ್ದಾರೆ. ಟಿಲ್ಲರ್ ಆಗಲೇ ಗದ್ದೆಯಲ್ಲಿತ್ತು. ಯಾರೂ ಕರೆದಿರಲಿಲ್ಲ. ಸಂಜೆಗೆ ಎರಡೂ ಗದ್ದೆ ಹಸಿರಾಗಿದ್ದವು. ಕೂಲಿ ಕೊಡಲು ಹೋದ ಅಪ್ಪನಿಗೆ ಮೇಲಿನ ಕೇರಿಯ ದೊಡ್ಡಮ್ಮ ಅಂದದ್ದು ಇಷ್ಟೇ: 'ನಿಮ್ಮವ್ವನ ಮುಯ್ಯಿ ಇದು. ನಿಂಗೇನು ಗೊತ್ತು, ಸುಮ್ನಿರು.'

ಮುಯ್ಯಾಳಿನ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನುತ್ತಿದ್ದ ಊರಲ್ಲೀಗ ಎಲ್ಲರೂ ಕೂಲಿಗೆ ಆಳು ಹುಡುಕುತ್ತೇವೆ. ಅರ್ಧಕ್ಕರ್ಧ ಗದ್ದೆ ಬೀಳು, ಇಲ್ಲವೇ ಶುಂಠಿ. ಅಜ್ಜಿ ಮಾತ್ರ ನಡ ಬಗ್ಗುವವರೆಗೂ ಯಾರ ಮನೆಯ ನಾಟಿಗೂ ತಪ್ಪಿಸಿಕೊಂಡವಳಲ್ಲ. ಅವಳು ಬಾಣಂತನ ಮಾಡಿದ ಮಕ್ಕಳೇ ಆ ಹದಿನೆಂಟರಲ್ಲಿ ನಾಲ್ವರಿದ್ದರು ಎಂದು ಆಮೇಲೆ ತಿಳಿಯಿತು.

ಅಡುಗೆಮನೆ ಬಾಗಿಲ ಹಿಂದಿನ ಗೋಡೆಯಲ್ಲಿ ಇದ್ದಿಲಿನಲ್ಲಿ ಎಳೆದ ಗೀಟುಗಳಿವೆ. ಸುಣ್ಣ ಹೊಡೆಯುವಾಗಲೂ ಅಜ್ಜಿ ಅಲ್ಲಿ ಕೈ ಹಚ್ಚಲು ಬಿಡುತ್ತಿರಲಿಲ್ಲ. ಅದು ಅವಳ ಮುಯ್ಯಿ ಲೆಕ್ಕ. ಅಡ್ಡ ಹೊಡೆದವು ತೀರಿದವು. ಅಡ್ಡ ಹೊಡೆಯದ ಆರು ಉಳಿದಿವೆ. ನಾವು ಯಾರಿಗೆ ಕೊಡಬೇಕಾದದ್ದೋ ನಮಗೆ ಗೊತ್ತಾಗುತ್ತಿಲ್ಲ. ಅಜ್ಜಿಯ ಓರಗೆಯವರು ಯಾರಾದರೂ ಬಲ್ಲವರಿದ್ದರೆ ದಯವಿಟ್ಟು ಮನೆಗೆ ಬಂದು ಆ ಗೋಡೆ ನೋಡಿ ಹೇಳಿ. ಕೊಯ್ಲಿಗೆ ನಾವು ಆರೂ ಮನೆಗೆ ಬರುತ್ತೇವೆ. ಆ ಹದಿನೆಂಟು ಮನೆಗೂ ಬರುತ್ತೇವೆ. ಕುಡುಗೋಲು ಹಿಡಿಯಲು ನನಗೆ ಸರಿಯಾಗಿ ಬಾರದು, ದೊಡ್ಡಮ್ಮ ಕಲಿಸುತ್ತೇನೆ ಅಂದಿದ್ದಾರೆ.