ಇಪ್ಪತ್ತೈದನೆಯ ಸಂಚಿಕೆ ಅಂಚೆಗೆ ಬಿದ್ದಿದೆ

ನಮ್ಮ ವೈಜ್ಞಾನಿಕ ಕಥೆಗಳ ಕಿರುಪತ್ರಿಕೆಯ 25ನೆಯ ಸಂಚಿಕೆ ಕೊನೆಗೂ ಹೊರಬಂತು. ನಡುವೆ ಪತ್ರಿಕೆ ನಿಂತಿತ್ತು, ಅದರ ಕಾರಣವನ್ನು ಮತ್ತೆ ಕೆದಕುವುದಿಲ್ಲ. ಕಥೆ ಕೊಟ್ಟವರು, ಬಿಡಿಗಾಸೂ ಕೇಳದೆ ಚಿತ್ರ ಬರೆದವರು, ಕರಡು ತಿದ್ದಿದವರು, ಬೈದಾದರೂ ಪತ್ರ ಬರೆದವರು, ತಮ್ಮ ಪತ್ರಿಕೆ ಕಳಿಸಿ ಬದಲಿಗೆ ನಮ್ಮದನ್ನು ತರಿಸಿಕೊಂಡವರು, ಎಲ್ಲರಿಗೂ ವಂದನೆ.

ಉಳಿದ ಮಾತೆಲ್ಲ ಮುದ್ರಣದ ರಾತ್ರಿ ಬೆಳಗಿನವರೆಗೂ ಜೊತೆಗಿದ್ದ ಗೆಳತಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಾಡಿದ ಕೆಲಸ ಹೇಳಬೇಡಿ ಎಂದಿಲ್ಲವಲ್ಲ.

32 ಪುಟವೆಂದರೆ ಎಂಟು ಎ4 ಹಾಳೆ, ನಡುವೆ ಮಡಚಿದ್ದು. ತೀರಾ ಹೊರಗಿನ ಹಾಳೆಯ ಒಂದು ಮೈಯಲ್ಲಿ 32 ಮತ್ತು 1, ಹಿಂದೆ 2 ಮತ್ತು 31. ಯಾವ ಹಾಳೆ ಎತ್ತಿದರೂ ಅಕ್ಕಪಕ್ಕದ ಅಂಕಿ ಕೂಡಿದರೆ 33 ಬರಬೇಕು. ಕಣ್ಣೆಳೆಯುವ ಹೊತ್ತಿನಲ್ಲೂ ಈ ಲೆಕ್ಕವನ್ನು ಅವರು ಬಿಡಲಿಲ್ಲ.

ತೇವ ಕುಡಿದ ಕಾಗದ ಲೇಸರ್ ಪ್ರಿಂಟರಿನ ಬಿಸಿಗೆ ಸುರುಳಿಯಾಗುತ್ತದೆ. ಹಿಂಬದಿಗೆಂದು ಮತ್ತೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಯಂತ್ರ ಎರಡೆರಡು ಹಾಳೆ ಎಳೆಯುತ್ತದೆ. ಇಡೀ ಪ್ರತಿಯನ್ನು ಒಂದರ ಹಿಂದೆ ಒಂದು ಮುದ್ರಿಸುತ್ತಿದ್ದರೆ ಒಂದೇ ಜೋಡಿ ಎಳೆತದಿಂದ ಮುಂದಿನ ಹಿಂಬದಿಗಳೆಲ್ಲ ಅದಲುಬದಲು. ಮೊದಲ ಹಾಳೆಯ 150 ಪ್ರತಿ, ಆಮೇಲೆ ಎರಡನೆಯದರ 150 ಪ್ರತಿ ಎಂದು ಹೋಗೋಣ ಎಂದವರು ಅವರೇ. ಆಗ ಜೋಡಿ ಬಂದರೂ ಕೆಡುವುದು ಒಂದೇ ಹಾಳೆ, ಅದರ ಹಿಂಬದಿ ಖಾಲಿ ಉಳಿಯುತ್ತದೆ ಅಷ್ಟೆ. ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಸಣ್ಣ ಸಣ್ಣ ಕಟ್ಟಾಗಿ ತಟ್ಟೆಗಿಟ್ಟರು.

ಹೀಗೆ ಮುದ್ರಿಸಿದರೆ ಜೋಡಣೆ ಕೈಯಲ್ಲೇ ಆಗಬೇಕು. ಎಂಟು ರಾಶಿ, ಮೇಜಿನ ಸುತ್ತ ನಡಿಗೆ. 1930ರಲ್ಲಿ ಷಿಕಾಗೋದ ವೈಜ್ಞಾನಿಕ ಕಥೆಗಳ ಅಭಿಮಾನಿಗಳು 'ದಿ ಕಾಮೆಟ್' ಎಂಬ ಪತ್ರಿಕೆ ತಂದಾಗಿನಿಂದ ಈ ಬಗೆಯ ಪತ್ರಿಕೆಗಳ ಸಂಪಾದಕ ಕಥೆ ಆರಿಸುವವನಷ್ಟೇ ಅಲ್ಲ, ಹಾಳೆ ಹೊರುವವನೂ ಹೌದು. ಜೆಲಟಿನ್ ಹಾಸಿನಿಂದ ಪ್ರತಿ ತೆಗೆಯುವ ಹೆಕ್ಟೋಗ್ರಾಫಿನಲ್ಲಿ ಐವತ್ತು ಪ್ರತಿಯ ಆಸುಪಾಸಿಗೆ ಅಕ್ಷರ ಮಸುಕಾಗುತ್ತಿತ್ತು. ಕೊರೆದ ಮೇಣದ ಹಾಳೆಯ ಮೂಲಕ ಶಾಯಿ ಒತ್ತುವ ಸೈಕ್ಲೋಸ್ಟೈಲಿನಲ್ಲಿ ಹಸಿ ಶಾಯಿ ಮೇಲಿನ ಹಾಳೆಗೆ ಅಂಟದಂತೆ ನಡುನಡುವೆ ರದ್ದಿ ಕಾಗದ ಸೇರಿಸಬೇಕಿತ್ತು. ನಮಗೆ ಆ ಕಷ್ಟವಿಲ್ಲ. ಕಾಲು ನೋವು ಮಾತ್ರ ಹಾಗೇ ಇದೆ.

ನಡುರಾತ್ರಿ ಕಳೆದ ಮೇಲೆ 'ಇದೇ ಕೊನೆಯ ಸಂಚಿಕೆ' ಎಂಬ ಮಾತು ನಮ್ಮ ಬಾಯಿಂದ ಬಂದೇಬಿಟ್ಟಿತು. ಕೋಪಕ್ಕೆ ಬಂದದ್ದಲ್ಲ, ನಿಜವಾಗಿ ಸಾಕಾಗಿತ್ತು. ಅವರು ಸಮಾಧಾನ ಹೇಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. 'ಐದನೇ ರಾಶಿ ಮುಗೀತಾ ಬಂತು ನೋಡಿ' ಎಂದರು. ಆ ರಾತ್ರಿ ಬೇಕಾಗಿದ್ದದ್ದೂ ಅಷ್ಟೇ.

160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ ತೂಗುವ ದಪ್ಪ ಕಾಗದದ) ರಕ್ಷಾಪುಟವನ್ನು ಹಾಗೇ ಮಡಚಿದರೆ ಮಡಿಕೆಯಲ್ಲಿ ಟೋನರ್, ಅಂದರೆ ಲೇಸರ್ ಪ್ರಿಂಟರಿನ ಪುಡಿ ಶಾಯಿ, ಬಿರಿಯುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒಂದೊಂದಕ್ಕೂ ಗೀರು ಹಾಕಿಕೊಟ್ಟರು. ಉದ್ದ ತೋಳಿನ ಸ್ಟೇಪ್ಲರಿನಲ್ಲಿ ಹೊರಗಿನಿಂದ ಒಳಕ್ಕೆ ಎರಡೆರಡು ಪಿನ್ನು ಹೊಡೆದದ್ದೂ ಅವರೇ. ಮಡಚಿದಾಗ ಒಳಹಾಳೆಗಳು ಹೊರಚಾಚುವುದರಿಂದ ಅಂಚು ಕತ್ತರಿಸುವುದು ಪಿನ್ನಾದ ಮೇಲೆಯೇ, ಮೊದಲಲ್ಲ ಎಂದು ಎಲ್ಲರನ್ನೂ ತಡೆದರು. ಈ ಸಂಚಿಕೆಯಲ್ಲಿ ಕಥೆಗಳಿಗಿಂತ ಅಂಚು ಚೆನ್ನಾಗಿದೆ ಎಂದು ಯಾರಾದರೂ ಬರೆದರೆ ನಮಗೇನೂ ಬೇಸರವಿಲ್ಲ.

ಲೇಖಕರ ಪ್ರತಿಗಳು ಮೊದಲೇ ಹೋಗಿವೆ, ಬದಲಿ ಪತ್ರಿಕೆಗಳದ್ದು ಈ ವಾರ ಹೋಗುತ್ತವೆ. ನಿಮ್ಮ ಪ್ರತಿಯಲ್ಲಿ 16–17ನೆಯ ಪುಟದ ನಡುವೆ ಪಿನ್ನಿನ ಕಾಲು ಎದ್ದಿದ್ದರೆ ಚಮಚದ ಬೆನ್ನಿನಿಂದ ಒತ್ತಿಬಿಡಿ.