ಪೊರ್ಬುವಿನ ಬುತ್ತಿ ಇನ್ನೂ ನಮ್ಮಲ್ಲೇ ಇದೆ

ಅಪ್ಪ ಮೊನ್ನೆ ಮಂಗಳೂರಿನ ಆಸ್ಪತ್ರೆಯಿಂದ ಕುಂಬಳೆಯ ಮನೆಗೆ ಬಂದರು. ಎಂತಾಯ್ತು, ಹೇಗಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಈಗ ಜಗಲಿಯಲ್ಲಿ ಕೂತು, ಗಂಜಿಗೆ ಉಪ್ಪು ಸಾಲದು ಅಂತ ಅಮ್ಮನ ಹತ್ತಿರ ಜಗಳ ಮಾಡುತ್ತಿದ್ದಾರೆ.

ಮಂಗಳೂರಿನ ಅಲೋಶಿಯಸ್ ಹೈಸ್ಕೂಲಿನ ನಮ್ಮ ಬ್ಯಾಚಿಗೆ ಥ್ಯಾಂಕ್ಸ್. ರಕ್ತ ಕೊಟ್ಟವರು, ದುಬೈಯಿಂದ ದುಡ್ಡು ಕಳಿಸಿದವರು, ಅಮ್ಮನಿಗೆ ಮಲಗಲು ರೂಮು ಬಿಟ್ಟುಕೊಟ್ಟವನು, ಎಲ್ಲರೂ ನೆನಪಿದ್ದೀರಿ.

ಆಂಬುಲೆನ್ಸ್ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ ನಾನು ಉಸಿರು ಬಿಗಿಹಿಡಿದಿದ್ದೆ. 2020ರ ಮಾರ್ಚಿನಲ್ಲಿ ಅಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಾಸರಗೋಡಿನ ರೋಗಿಗಳು ಈಚೆಗೇ ಉಳಿದಿದ್ದರಲ್ವಾ? ಈ ಸಲ ಯಾರೂ ತಡೆಯಲಿಲ್ಲ. ಆದರೂ ಗಡಿ ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ.

ಎರಡನೇ ರಾತ್ರಿ ಡಾಕ್ಟರು 'ಬೆಳಗಾಗಲಿ, ನೋಡುವಾ' ಅಂದರು. ಹತ್ತು ಗಂಟೆಗೆ ಎಲ್ಲರನ್ನೂ ಮನೆಗೆ ಕಳಿಸಿದೆ. ಹನ್ನೊಂದಕ್ಕೆ ಪೊರ್ಬು ಬಂದ, ಕೈಯಲ್ಲಿ ಸ್ಟೀಲಿನ ಬುತ್ತಿ. 'ವಣಸ್ ಆಂಡಾ?' ಅಂದ. ಇಪ್ಪತ್ತು ವರ್ಷದ ಮೇಲೆ ಸಿಕ್ಕಿದವನ ಮೊದಲ ಮಾತು, ಊಟ ಆಯ್ತಾ ಅಂತ!

ಬೆಳಗಿನ ಲೋಕಲ್ ರೈಲಿನಲ್ಲಿ ಕುಂಬಳೆಯಿಂದ ಶಾಲೆಗೆ ಹೋಗುತ್ತಿದ್ದ ನಮ್ಮ ಗುಂಪಿನಲ್ಲಿ ಕ್ರಿಶ್ಚಿಯನ್ ಅಂತ ಇದ್ದದ್ದು ಬೇಳದ ಅವನೊಬ್ಬನೇ. ಹಾಗಾಗಿ ಪೊರ್ಬು, ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವುದು ಹಾಗೆ. ನೇತ್ರಾವತಿ ಸೇತುವೆ ಬಂದಾಗ ಬಾಗಿಲಲ್ಲಿ ನಿಲ್ಲುತ್ತಿದ್ದದ್ದೂ ಅವನೇ.

ಆ ರಾತ್ರಿ ನಾನು ಸರಿ ಮಾತಾಡಲಿಲ್ಲ. 'ನೀನಿದ್ದು ಎಂತ ಮಾಡ್ತಿ, ಹೋಗು ಮಾರಾಯ' ಅಂದೆ. ಅವನು ಬೆಂಚಿನ ಆ ತುದಿಗೆ ಸರಿದು ಕೂತ, ಅಷ್ಟೇ. ಎರಡು ಗಂಟೆಗೆ ಒಳಗೆ ಕರೆದರು. ಹೊರಗೆ ಬಂದು ನೆಲದ ಮೇಲೆ ಕೂತುಬಿಟ್ಟೆ. ಚಿಕ್ಕ ಮಗುವಿನ ಹಾಗೆ ಅತ್ತೆ. ಅವನೂ ಪಕ್ಕದಲ್ಲಿ ನೆಲಕ್ಕೇ ಕೂತ. ಪ್ರಾರ್ಥನೆ ಮಾಡುವಾ ಅನ್ನಲಿಲ್ಲ, ಎಲ್ಲ ಸರಿಯಾಗ್ತದೆ ಅಂತಲೂ ಅನ್ನಲಿಲ್ಲ. ಸುಮಾರು ಹೊತ್ತಿನ ಮೇಲೆ ಶಾಲೆಯ ಚಾಪೆಲ್ ವಿಷಯ ತೆಗೆದ. ಇಟಲಿಯ ಬ್ರದರ್ ಮೊಸ್ಕೆನಿ ಬರೆದ ಆ ಮಾಡಿನ ಚಿತ್ರಗಳು, ಕತ್ತೆತ್ತಿ ನೋಡಿ ನೋಡಿ ನಮಗೆ ಕುತ್ತಿಗೆ ನೋಯುತ್ತಿದ್ದದ್ದು. ಕ್ರಿಶ್ಚಿಯನ್ ಹುಡುಗರಿಗೆ ಕೆಟೆಕಿಸಂ, ಅಂದರೆ ಧರ್ಮಬೋಧೆಯ ಪೀರಿಯಡ್, ಉಳಿದ ನಮಗೆ ಮೋರಲ್ ಸೈನ್ಸ್. ಅಲೋಶಿಯಸ್ ಸಂತರು 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಚಾಕರಿ ಮಾಡುತ್ತಾ 23ನೇ ವಯಸ್ಸಿಗೇ ತೀರಿಹೋದರು ಅಂತ ನಾನೂ ಬಾಯಿಪಾಠ ಮಾಡಿದ್ದೆ. ಮಾರ್ಕು ನನಗೇ ಜಾಸ್ತಿ ಬರುತ್ತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬ್ಯಾಚಿನ ಇಪ್ಪತ್ತೈದನೇ ವರ್ಷದ ಕೂಟಕ್ಕೆ ಕುಂಬಳೆ ಕಡೆಯವರ ಪಟ್ಟಿ ಮಾಡಿದ್ದು ನಾನು. ಪೊರ್ಬುವಿನ ಹೆಸರು ಅದರಲ್ಲಿ ಇರಲಿಲ್ಲ. ನಂಬರ್ ಸಿಗಲಿಲ್ಲ ಅಂತ ನಿಮಗೆಲ್ಲ ಹೇಳಿದ್ದೆ. ಸುಳ್ಳು. ನಾನು ಹುಡುಕಲೇ ಇಲ್ಲ. ಬೇಳ ಇಗರ್ಜಿಯ ಹತ್ತಿರ ಯಾರನ್ನು ಕೇಳಿದ್ದರೂ ಮನೆ ತೋರಿಸುತ್ತಿದ್ದರು. ಅವನಿಗೆ ಇದು ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.

ಬೆಳಿಗ್ಗೆ ಆರಕ್ಕೆ ಡಾಕ್ಟರು ಬಂದು 'ಪರವಾಗಿಲ್ಲ' ಅಂದರು. ಪೊರ್ಬು ವಾಚು ನೋಡಿದ. 'ಕೆಲಸಕ್ಕೆ ಹೊತ್ತಾಯ್ತು' ಅಂತ ಹೊರಟೇಬಿಟ್ಟ.

ಬುತ್ತಿ ನಮ್ಮಲ್ಲೇ ಉಳಿಯಿತು. ಖಾಲಿ ಬುತ್ತಿ ಕೊಡಬಾರದು ಅಂತ ಅಮ್ಮ ನೀರುದೋಸೆ ಮಾಡುತ್ತಾರಂತೆ. ಪೊರ್ಬು, ಭಾನುವಾರ ಪೂಜೆ ಬಿಟ್ಟ ಮೇಲೆ ಮನೆಯಲ್ಲೇ ಇರು. ಅಪ್ಪನೂ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ.